ಕೇಳಿದಷ್ಟೂ ಕೊಟ್ಟಳು

ಹೆಂಡತಿಯಿಂದ ಜೀವನಾಂಶ ಕೊಡಿಸಿ ಎಂದು ಕೋರ್ಟಿಗೆ ಹೋದ ಗಂಡಸರಲ್ಲಿ ನಮ್ಮ ಬೀದಿಗೆ ನಾನೇ ಮೊದಲಿಗ. ಬೇರೆ ಯಾವುದರಲ್ಲೂ ನಾನು ಮೊದಲಿಗನಾಗಿದ್ದವನಲ್ಲ. ಶಾಲೆಯಲ್ಲಿ ಹಿಂದಿನ ಬೆಂಚು, ಮದುವೆಗೆ ಮೂರು ಹುಡುಗಿಯರು ಬೇಡ ಎಂದ ವರ, ದಂಧೆಯಲ್ಲಿ ಈ ಬೀದಿಯ ನಾಲ್ಕು ಜನ ಫ್ರಿಜ್ ರಿಪೇರಿಯವರ ಪೈಕಿ ನಾಲ್ಕನೆಯವ. ಹಾಗಾಗಿ ಸುದ್ದಿ ಹಬ್ಬಿ, ಎದುರಿನ ಚಹಾದಂಗಡಿಯಲ್ಲಿ ಜನ ನನ್ನತ್ತ ತಿರುಗಿ ನೋಡತೊಡಗಿದಾಗ, ನಾಚಿಕೆಯ ಜೊತೆಗೆ ಒಂಚೂರು ಜಂಭವೂ ಆಯಿತು.

"ನನಗಲ್ಲ, ಮಗಳಿಗೆ" ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ.

"ಹೌದೌದು, ಮಗಳಿಗೇ" ಎಂದು ಚಹಾದಂಗಡಿಯವನು ಕಣ್ಣು ಹೊಡೆದ. "ಆದ್ರೂ ಗುರುವೇ, ಕೋರ್ಟಿಗೆ ಹೋಗೋ ದಿನ ಆ ಮೀಸೆ ಮನೇಲಿಟ್ಟು ಹೋಗು."

ಹೆಂಡತಿ ಹೊರದೇಶದ ದೊಡ್ಡ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದ ಕೆಲಸಕ್ಕೆ ಹೋಗಿ ಇದು ಐದನೆಯ ವರ್ಷ. ಹೋಗುವಾಗ ಎರಡು ವರ್ಷ ಎಂದು ಮಾತಾಗಿತ್ತು. ಮೊದಮೊದಲು ದಿನಾ ಫೋನು ಮಾಡುತ್ತಿದ್ದಳು, ಆಮೇಲೆ ಭಾನುವಾರ ಮಾತ್ರ. ಭಾನುವಾರದ ಆ ಫೋನಿನಲ್ಲಿ ಮಗಳಿಗೆ ಐದು ನಿಮಿಷ ಸಿಕ್ಕಿದರೆ ಉಳಿದದ್ದೆಲ್ಲ ನನ್ನ ಜಗಳಕ್ಕೆ ಮೀಸಲು. ಯಾವಾಗ ಬರ್ತೀಯ, ನಿನ್ನ ಹಿಂದೆ ನಕ್ಕವರು ಯಾರು, ಇಷ್ಟೇ ಯಾಕೆ ಕಳಿಸಿದೆ, ಅಷ್ಟೊಂದು ಯಾಕೆ ಕಳಿಸಿದೆ. ಒಂದು ಭಾನುವಾರ ಅವಳು, "ನಾನಿನ್ನು ಬರಲ್ಲ. ದುಡ್ಡು ಕಳಿಸ್ತೀನಿ, ಫೋನ್ ಮಾಡಲ್ಲ" ಎಂದು ಇಟ್ಟುಬಿಟ್ಟಳು. ನಂಬರೂ ಬದಲಾಯಿತು. ನಾನು ಸುಮ್ಮನಿರುತ್ತೇನೆಯೇ? ಅವಳು ಕಳಿಸಿದ ದುಡ್ಡನ್ನು ಎರಡು ಸಲ ವಾಪಸ್ ಕಳಿಸಿದೆ. ಹಾಗೆ ಕಳಿಸುವುದಕ್ಕೆ ಬ್ಯಾಂಕಿನವರು ಕೇಳಿದ ಶುಲ್ಕವನ್ನು ಅಕ್ಕನಿಂದ ಸಾಲ ತಂದು ಕಟ್ಟಿದೆ. ಮೂರನೆಯ ಸಲ ಅವಳು ಕಳಿಸಲಿಲ್ಲ. ನಾನು ಮಾತ್ರ ವಾಪಸ್ ಕಳಿಸಲು ತಯಾರಾಗಿ ಬಹಳ ದಿನ ಕಾದೆ.

ಸೊಕ್ಕು ಎಷ್ಟು ದಿನ ಬಾಳುತ್ತದೆ ಎನ್ನುವುದು ಆದಾಯದ ಮೇಲೆ ನಿಂತಿದೆ. ಈಗ ಫ್ರಿಜ್ ಕೆಟ್ಟರೆ ಜನ ರಿಪೇರಿ ಮಾಡಿಸುವುದಿಲ್ಲ, ಹಳೆಯದನ್ನು ಕೊಟ್ಟು ಹೊಸದನ್ನು ತರುತ್ತಾರೆ. ನನ್ನ ಅಂಗಡಿಯಲ್ಲಿ ಬಾಗಿಲಿಲ್ಲದ ಮೂರು ಫ್ರಿಜ್ಜುಗಳು, ಒಂದಷ್ಟು ಕಂಪ್ರೆಸರ್‌ಗಳು, ಬಾಗಿಲಿನ ರಬ್ಬರಿನ ಸುರುಳಿಗಳು, ಮತ್ತೆ ನಾನು. ಶಾಲೆಯವರು ಫೀಸಿಗಾಗಿ ಎರಡು ಸಲ ಕರೆಸಿದರು. ಎರಡನೆಯ ಸಲ ಮಗಳನ್ನು ತರಗತಿಯಿಂದ ಎಬ್ಬಿಸಿ ಕಾರಿಡಾರಿನಲ್ಲಿ ಕೂರಿಸಿದ್ದರು. ಅದನ್ನು ನೋಡಿ ಬಂದ ಅಕ್ಕ ನನ್ನ ಅಂಗಡಿಗೆ ನುಗ್ಗಿ, ಗಿರಾಕಿಯ ಎದುರಿಗೇ ಮುಖದ ನೀರಿಳಿಸಿದಳು.

"ನಿನ್ನ ಸೊಕ್ಕನ್ನ ಶಾಲೆಯವರು ಫೀಸು ಅಂತ ಇಸ್ಕೊಳ್ತಾರೇನೋ? ಅವಳು ಹೆತ್ತ ಮಗು ಕಣೋ. ಕೇಳೋಕೇನು ನಾಚಿಕೆ?"

ಕೇಳಲು ನಂಬರಾದರೂ ಬೇಕಲ್ಲ. ಭಾವಮೈದನ ಹತ್ತಿರ ಹೋದೆ. ಅವನು ಒಳ್ಳೆಯವನು, ತನ್ನ ಅಕ್ಕನ, ಅಂದರೆ ನನ್ನ ಹೆಂಡತಿಯ, ಮಾತು ಮೀರದವನು. "ಅಕ್ಕ ಕೊಡಬೇಡ ಅಂದಿದಾಳೆ ಭಾವ. ಕೋರ್ಟಿಂದ ಕೇಳಿದ್ರೆ ಕೊಡ್ತೀನಿ, ಆಗ ನನ್ನ ತಪ್ಪಿರಲ್ಲ" ಎಂದ. ಹೀಗೆ ನಾನು ವಕೀಲಮ್ಮನ ಮೆಟ್ಟಿಲು ಹತ್ತಿದೆ.

ಹತ್ತುವ ಮೊದಲು ಮಗಳಿಗೆ ವಿಷಯ ಹೇಳಬೇಕಾಯಿತು. ಅವಳಿಗೆ ಒಂಬತ್ತು ವರ್ಷ. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲೇ ಮಗುಚಿ ಹಾಕಿದ ಕ್ರೇಟಿನ ಮೇಲೆ ಕೂತು ಓದುತ್ತಾಳೆ. ಓದುವುದಕ್ಕಿಂತ ಗಿರಾಕಿಗಳ ಮಾತು ಕೇಳುವುದೇ ಹೆಚ್ಚು.

"ದುಡ್ಡು ನೀನ್ ಕೇಳ್ಕೋ ಅಪ್ಪ" ಎಂದಳು. "ನಂಗೆ ಭಾನುವಾರ ಅಮ್ಮ ಫೋನ್ ಮಾಡ್ಬೇಕು. ಅದನ್ನ ಕೇಳು."

"ಅದೇನ್ ದೊಡ್ಡ ವಿಷಯ? ಮಾಡಿಸ್ತೀನಿ."

"ಖಂಡಿತ?"

"ಖಂಡಿತ. ನಿಮ್ಮಪ್ಪ ಎಂಥ ವ್ಯಾಪಾರಸ್ಥ ಅಂತ ಗೊತ್ತಿಲ್ವಾ ನಿಂಗೆ?"

ಇಲ್ಲಿ ನನ್ನ ವ್ಯಾಪಾರದ ಬಗ್ಗೆ ಹೇಳಲೇಬೇಕು, ಏಕೆಂದರೆ ನನ್ನ ಮಹಾ ಬುದ್ಧಿವಂತಿಕೆ ಹೊರಬಿದ್ದದ್ದು ಅಲ್ಲಿಂದಲೇ. ಫ್ರಿಜ್ಜಿಗೆ ಗ್ಯಾಸ್ ತುಂಬಿಸುವುದಕ್ಕೆ ನಾನು ಯಾವತ್ತೂ ನಿಜವಾದ ದರ ಹೇಳಿದವನಲ್ಲ. ಮೂರು ಪಟ್ಟು ಹೇಳುತ್ತೇನೆ. ಗಿರಾಕಿ ಎದೆ ಹಿಡಿದುಕೊಳ್ಳುತ್ತಾನೆ. ನಾನು ಕಂಪ್ರೆಸರಿಗೆ ಕಿವಿ ಇಟ್ಟು, ಲೊಚಗುಟ್ಟಿ, ಇದು ಬಹಳ ಕಷ್ಟದ ಕೇಸು ಎನ್ನುತ್ತೇನೆ. ಅವನು ಮನೆಯ ಕಷ್ಟ ತೋಡಿಕೊಳ್ಳುತ್ತಾನೆ, ನಾನು ನನ್ನದನ್ನು ತೋಡಿಕೊಳ್ಳುತ್ತೇನೆ. ಹೋಗಲಿ, ನೀವು ನಮ್ಮಣ್ಣ ಇದ್ದ ಹಾಗೆ ಎಂದು ನಾನು ಇಳಿಯುತ್ತೇನೆ, ಅವನು ಏರುತ್ತಾನೆ. ಕೊನೆಗೆ ಸಿಗುವುದು ನ್ಯಾಯವಾದ ದರವೇ, ಆದರೆ ಹೋಗುವಾಗ ಇಬ್ಬರಿಗೂ ಗೆದ್ದೆವೆನ್ನುವ ಖುಷಿ. ಬಿಟ್ಟುಕೊಡಲು ಕೈಯಲ್ಲಿ ಏನಾದರೂ ಇಟ್ಟುಕೊಂಡೇ ಮಾತಿಗೆ ಕೂರಬೇಕು. ಇನ್ನೊಂದು, ನಮಗೆ ನಿಜವಾಗಿ ಬೇಕಾದ ವಸ್ತುವಿನ ಕಡೆ ಕಣ್ಣೆತ್ತಿಯೂ ನೋಡಬಾರದು. ನೋಡಿದರೆ ಅದರ ಬೆಲೆ ಏರುತ್ತದೆ.

ವಕೀಲಮ್ಮನ ಕೋಣೆಯಲ್ಲಿ ಮೇಜಿಗಿಂತ ಕಡತಗಳೇ ಹೆಚ್ಚು. ಅವರು ಕಡತಗಳ ಸಂದಿನಿಂದ ನನ್ನ ಕಥೆ ಕೇಳಿದರು. ವಾಪಸ್ ಕಳಿಸಿದ ದುಡ್ಡಿನ ಭಾಗ ಬಂದಾಗ ಪೆನ್ನು ಕೆಳಗಿಟ್ಟರು.

"ಎರಡು ಸಲಾನೂ?"

"ಎರಡು ಸಲಾನೂ ಮೇಡಂ."

"ಇದನ್ನ ಜಡ್ಜ್ ಮುಂದೆ ನೀವಾಗಿ ನೀವೇ ಹೇಳ್ಬೇಡಿ" ಎಂದು ಮತ್ತೆ ಪೆನ್ನು ಹಿಡಿದರು. "ತಿಂಗಳಿಗೆ ಎಷ್ಟು ಕೇಳೋಣ?"

ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮಗು ಯಾವ ಶಾಲೇಲಿ ಓದ್ತಿದೆ? ಅರಮನೇಲಾ?"

"ನೀವು ಬರೀರಿ ಮೇಡಂ. ಅವಳು ಆಗಲ್ಲ ಅಂತಾಳೆ. ಆಗ ನಾವು ಇಳಿಯೋಣ."

"ಮಗು ಜೊತೆ ಫೋನಲ್ಲಿ ಮಾತಾಡೋದು, ಬಂದು ನೋಡೋದು, ಅದನ್ನೂ ಸೇರಿಸ್ಲಾ?"

ನನಗೆ ಬೇಕಾದದ್ದೇ ಅದು. ಆದರೆ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಇಪ್ಪತ್ತು ವರ್ಷ ಅಂಗಡಿ ನಡೆಸಿದವನು. "ಅದರ ಸುದ್ದೀನೇ ಬೇಡ" ಎಂದೆ. "ನಮಗೆ ಅದು ಬೇಕು ಅಂತ ಗೊತ್ತಾದ್ರೆ ಅವಳು ಬಿಗಿಯಾಗ್ತಾಳೆ. ಅವಳು ದುಡ್ಡು ಜಾಸ್ತಿಯಾಯ್ತು ಅಂತ ಗೋಳಾಡ್ಲಿ. ನಾನು, ಹೋಗ್ಲಿ, ಮೂರರಲ್ಲಿ ಒಂದು ಪಾಲು ಕೊಡು ಸಾಕು, ಬದಲಿಗೆ ಭಾನುವಾರ ಮಗು ಹತ್ರ ಮಾತಾಡು ಅಂತೀನಿ. ಮರುಮಾತಿಲ್ದೆ ಒಪ್ತಾಳೆ."

"ರೀ, ಅದು ಕೋರ್ಟು. ನಿಮ್ಮ ಅಂಗಡಿ ಅಲ್ಲ."

"ಎಲ್ಲ ಒಂದೇ ಮೇಡಂ" ಎಂದೆ. ನನ್ನ ಧಾಟಿ ನೆನೆಸಿಕೊಂಡರೆ ಈಗಲೂ ಕಪಾಳಕ್ಕೆ ಬಾರಿಸಿಕೊಳ್ಳಬೇಕು ಎನ್ನಿಸುತ್ತದೆ.

ಕೋರ್ಟು ಕೇಳಿತು, ಭಾವಮೈದ ವಿಳಾಸ ಕೊಟ್ಟ, ನೋಟಿಸು ಸಮುದ್ರ ದಾಟಿ ಹೋಯಿತು. ವಕೀಲರನ್ನು ಇಡುವುದಿಲ್ಲ, ವಿಡಿಯೊದಲ್ಲಿ ತಾನೇ ಹಾಜರಾಗುತ್ತೇನೆ ಎಂದು ಅಲ್ಲಿಂದ ಉತ್ತರ ಬಂತು. ಅದನ್ನು ಕೇಳಿ ನಾನು ಇನ್ನಷ್ಟು ಉಬ್ಬಿದೆ. ವಕೀಲರಿಲ್ಲದ ಗಿರಾಕಿ! ಮನೆಯಲ್ಲಿ ಮಗಳೂ ನಾನೂ ತಾಲೀಮು ನಡೆಸಿದೆವು. ಅವಳು ಅಮ್ಮನಾಗಿ ಅಷ್ಟೊಂದಾ ಎಂದು ಬಾಯಿ ಬಡಿದುಕೊಳ್ಳುವುದು, ನಾನು ದೊಡ್ಡ ಮನಸ್ಸು ಮಾಡಿ ಇಳಿಯುವುದು. ಅವಳು ಎಷ್ಟು ಚೆನ್ನಾಗಿ ಚೌಕಾಸಿ ಮಾಡುತ್ತಿದ್ದಳೆಂದರೆ ಒಂದು ಸಲ ನಾನು ಫೀಸಿಗೂ ಸಾಲದಷ್ಟು ಕೆಳಗಿಳಿದುಬಿಟ್ಟೆ. ಭಾನುವಾರ ಅಮ್ಮನಿಗೆ ಏನೇನು ಹೇಳಬೇಕು ಎಂದು ಅವಳು ಆಗಲೇ ಕೂಡಿಹಾಕತೊಡಗಿದ್ದಳು. ಈಜು ಕಲಿತದ್ದು, ಮುಂದಿನ ಹಲ್ಲು ಓರೆಯಾಗಿ ಬಂದದ್ದು, ಅಕ್ಕನ ಮನೆಯ ಬೆಕ್ಕು ಮರಿ ಹಾಕಿದ್ದು. ನನಗೆ ಹೇಳಲು ಬಂದು, ಅರ್ಧಕ್ಕೇ ನಿಲ್ಲಿಸಿ, "ಬೇಡ, ಇದು ಅಮ್ಮಂಗೆ" ಎಂದು ಹೋಗಿಬಿಡುತ್ತಿದ್ದಳು.

ಕೋರ್ಟಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಮೀಸೆಯೂ ಬಂದಿತ್ತು. ಕೋಣೆ ಚಿಕ್ಕದು, ಎರಡು ಸಾಲು ಕುರ್ಚಿ, ಎದುರಿನ ಗೋಡೆಯಲ್ಲಿ ದೊಡ್ಡ ಟಿ.ವಿ. ಹೊರಗೆ ಕಾಯುತ್ತಿದ್ದ ಹೆಂಗಸರು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ನಾನು ಯಾರದೋ ಕೊಡದ ಗಂಡ ಎಂದುಕೊಂಡಿದ್ದಾರೆ ಎಂದು. ಅಲ್ಲಮ್ಮ, ನಾನು ಕೇಳುವ ಗಂಡ ಎಂದು ಹೇಳಲು ಬಾಯಿ ಬರಲಿಲ್ಲ.

ಪರದೆ ಎರಡು ಸಲ ಕಪ್ಪಾಗಿ ಆಮೇಲೆ ಅವಳು ಬಂದಳು. ನಾನು ಜಗಳಕ್ಕೆ ಎಷ್ಟೇ ಸಿದ್ಧನಾಗಿ ಹೋಗಿದ್ದರೂ ಅವಳ ಮುಖ ಕಂಡೊಡನೆ ಒಂದು ಕ್ಷಣ ಮರೆತೇಹೋಯಿತು. ಸೊರಗಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ತಲೆಗೆ ಬಲೆಯಂಥ ಟೋಪಿ, ಹಿಂದೆ ಸೂರಿನವರೆಗೂ ಮಡಿಸಿಟ್ಟ ಬಿಳಿಯ ಹಾಸುಗಳು. ಕೆಲಸದ ನಡುವೆಯೇ ಅಲ್ಲೆಲ್ಲೋ ಬಂದು ನಿಂತಿದ್ದಳು. ಕೂರಲು ಕುರ್ಚಿಯೂ ಇದ್ದಂತೆ ಕಾಣಲಿಲ್ಲ.

ನ್ಯಾಯಾಧೀಶರು ವಯಸ್ಸಾದವರು, ನಿಧಾನಸ್ಥರು. ಅರ್ಜಿ ಓದಿ ಹೇಳಿ, ನಾನು ಕೇಳಿದ ಮೊತ್ತಕ್ಕೆ ಬಂದಾಗ ಒಂದು ಸಲ ನಿಲ್ಲಿಸಿ, ಕಾಗದವನ್ನು ದೂರ ಹಿಡಿದು ನೋಡಿ, ಮತ್ತೆ ಓದಿದರು. "ಏನಮ್ಮ, ನೀವೇನು ಹೇಳ್ತೀರಾ?"

ನಾನು ಕುರ್ಚಿಯ ತುದಿಗೆ ಬಂದೆ. ಬರಲಿ ಗೋಳು.

"ಕೊಡ್ತೀನಿ ಸರ್" ಎಂದಳು.

"ಎಷ್ಟು ಕೊಡ್ತೀರಾ?"

"ಅವರು ಕೇಳಿದಷ್ಟು."

ವಕೀಲಮ್ಮ ನನ್ನ ಕಡೆ ತಿರುಗಿದರು. ಖುಷಿಯಿಂದ ಅವರ ಬಾಯಿ ತೆರೆದೇ ಇತ್ತು. ನನ್ನದೂ ತೆರೆದಿತ್ತು, ಬೇರೆ ಕಾರಣಕ್ಕೆ. ಹದಿನಾಲ್ಕು ವರ್ಷದ ಹಿಂದೆ ಕೈಹಿಡಿದ ಹೆಂಡತಿ ಎಂಥವಳು ಎನ್ನುವುದು ನನಗೆ ಆಗ, ಅಲ್ಲಿ, ಆ ಕುರ್ಚಿಯ ತುದಿಯಲ್ಲಿ ನೆನಪಾಯಿತು. ತರಕಾರಿ ಗಾಡಿಯವನು ಹೇಳಿದ ಬೆಲೆಯನ್ನು ಹೇಳಿದ ಹಾಗೇ ಕೊಟ್ಟು ಬರುವವಳು ಅವಳು. ಮದುವೆಯಾದ ಹೊಸದರಲ್ಲಿ ಅವಳನ್ನು ವಾಪಸ್ ಎಳೆದುಕೊಂಡು ಹೋಗಿ, ಒಂದು ಕಟ್ಟು ಸೊಪ್ಪಿಗೆ ಬೀದಿ ನೆರೆಯುವಂತೆ ಜಗಳವಾಡಿ, ಚಿಲ್ಲರೆ ಇಸಿದುಕೊಂಡು ಬರುತ್ತಿದ್ದೆ. ಅವಳು ದೂರ ನಿಂತು, ನಾಚಿಕೆಯಿಂದ ಸೆರಗು ಮುಖಕ್ಕೆ ಹಿಡಿದಿರುತ್ತಿದ್ದಳು. ಜಗತ್ತಿನಲ್ಲಿ ಚೌಕಾಸಿ ಬಾರದ ಒಬ್ಬಳೇ ಒಬ್ಬಳ ಮೇಲೆ ನಾನು ನನ್ನ ಚೌಕಾಸಿಯ ಬಲೆ ಬೀಸಿದ್ದೆ.

"ಹಾಗಾದ್ರೆ ಉಭಯತ್ರರೂ ಒಪ್ಪಿದಾರೆ ಅಂತ ಬರ್ಕೊಳ್ಳೋಣ" ಎಂದರು ನ್ಯಾಯಾಧೀಶರು.

ಎದ್ದು ನಿಂತೆ. "ಸ್ವಾಮಿ, ಅದು ಜಾಸ್ತಿಯಾಯ್ತು."

"ಏನು?"

"ಅಷ್ಟೊಂದು ಬೇಡ. ಅರ್ಧ ಸಾಕು."

ವಕೀಲಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನ್ಯಾಯಾಧೀಶರು ಅರ್ಜಿಯ ಮೊದಲ ಪುಟಕ್ಕೆ ಹೋಗಿ ಅರ್ಜಿದಾರ ಯಾರೆಂದು ಮತ್ತೊಮ್ಮೆ ನೋಡಿಕೊಂಡರು. "ಕೇಳಿದ್ದು ನೀವೇ ಅಲ್ವೇನ್ರೀ?"

"ನಾನೇ ಸ್ವಾಮಿ. ಬಾಯಿ ತಪ್ಪಿ ಕೇಳ್ದೆ. ಮೂರರಲ್ಲಿ ಒಂದು ಪಾಲು ಸಾಕು."

"ಪೂರ್ತಿನೇ ಕೊಡ್ತೀನಿ ಸರ್" ಎಂದಳು ಪರದೆಯಿಂದ. "ಮಗೂಗೆ ಬೇಕಾಗುತ್ತೆ."

"ಬೇಡ ಅಂತಿದೀನಲ್ಲ! ನಿನ್ ಸಂಬಳ ಎಷ್ಟು, ನೀನು ತಿನ್ನೋದೇನು?"

"ಅದು ನಿಮಗ್ಯಾಕೆ?"

ಇಷ್ಟು ದಿನದ ಮೇಲೆ ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕೊಡುವವಳು ಹೆಚ್ಚು ಕೊಡುತ್ತೇನೆಂದು, ಕೇಳಿದವನು ಕಡಿಮೆ ಸಾಕೆಂದು ಜಗಳವಾಡುವ ಕೇಸು ಆ ಕೋಣೆಗೆ ಹೊಸದಿರಬೇಕು. ನ್ಯಾಯಾಧೀಶರು ಮೇಜು ತಟ್ಟಿ, "ನಿಮಗೆ ನಿಜವಾಗಿ ಏನ್ರೀ ಬೇಕು?" ಎಂದು ನನ್ನನ್ನು ಗದರಿದರು.

ಬಿಟ್ಟುಕೊಡಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಬರಿಗೈಯಲ್ಲಿ ಕೇಳಿದೆ. "ವಾರಕ್ಕೊಂದು ಸಲ ಮಗು ಹತ್ರ ಫೋನಲ್ಲಿ ಮಾತಾಡ್ಲಿ ಸ್ವಾಮಿ. ನಾನು ಪಕ್ಕದಲ್ಲೂ ಇರಲ್ಲ. ಬೀದಿಗೆ ಹೋಗಿ ನಿಂತ್ಕೋತೀನಿ."

"ಇದನ್ನ ಅರ್ಜೀಲಿ ಯಾಕೆ ಬರೆಸಿಲ್ಲ?"

ವಕೀಲಮ್ಮ ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಅವರು ಪರದೆಯ ಕಡೆ ತಿರುಗಿದರು. "ಏನಮ್ಮ? ಮಾತಾಡ್ತೀರಾ?"

ಅವಳು ಪಕ್ಕದಲ್ಲಿದ್ದ ದಿಂಬಿನ ಚೀಲವೊಂದನ್ನು ಎತ್ತಿ ಮಡಿಸಿದಳು. ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದಳು. "ಅದೊಂದು ಬೇಡ ಸರ್."

"ಯಾಕೆ?"

"ಮೊದಲು ಮಾತಾಡ್ತಿದ್ದೆ. ಅವಳ ದನಿ ಕೇಳಿದ್ಮೇಲೆ ನಂಗೆ ಕೆಲಸ ಮಾಡೋಕಾಗಲ್ಲ. ಒಂದ್ಸಲ ಹಾಗೇ ಇಸ್ತ್ರಿ ಮೆಷಿನ್ನಿಗೆ ಕೈ ಕೊಟ್ಟುಬಿಟ್ಟೆ." ತೋಳು ಸರಿಸಿ ತೋರಿಸಿದಳು. ಮಣಿಕಟ್ಟಿನಿಂದ ಮೊಣಕೈಯವರೆಗೂ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು. "ಇನ್ನೊಂದ್ಸಲ ಹೀಗಾದ್ರೆ ಕೆಲಸದಿಂದ ತೆಗಿತಾರೆ ಸರ್. ಆಗ ದುಡ್ಡೂ ಇಲ್ಲ. ದುಡ್ಡು ಎಷ್ಟು ಬೇಕಾದ್ರೂ ಬರ್ಕೊಳ್ಳಿ. ದನಿ ಮಾತ್ರ ಕೇಳಿಸ್ಬೇಡಿ."

"ವಾಪಸ್ ಬರಬಹುದಲ್ಲಮ್ಮ?"

ಅವಳು ತೋಳನ್ನು ಮತ್ತೆ ಕೆಳಗೆಳೆದುಕೊಂಡಳು. ಬಾರದಿರುವ ಕಾರಣ ಇಸ್ತ್ರಿ ಅಂಗಿ ಹಾಕಿಕೊಂಡು ಕೋರ್ಟಿನ ನಡುವೆ ನಿಂತಿತ್ತು. ಆ ಸುಟ್ಟ ಕೈಯ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. ಅದು ಯಾವ ಭಾನುವಾರದ ಮರುದಿನ ಆಗಿರಬಹುದು ಎಂದು ಲೆಕ್ಕ ಹಾಕಹೊರಟು, ಅರ್ಧಕ್ಕೇ ಬಿಟ್ಟುಬಿಟ್ಟೆ. ಅವಳ ಮೇಲೆ ನನಗಿದ್ದ ಕೋಪವೆಲ್ಲ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ನ್ಯಾಯಾಧೀಶರು ಕೇಳಿದಷ್ಟೂ ಕೊಡಬೇಕೆಂದು ಆದೇಶ ಮಾಡಿದರು. ಫೋನಿನ ವಿಷಯದಲ್ಲಿ ತಾಯಿಯನ್ನು ಬಲವಂತ ಮಾಡಲಾಗುವುದಿಲ್ಲ ಎಂದರು. ಪರದೆ ಕಪ್ಪಾಯಿತು. ಹೊರಗೆ ಬಂದ ಮೇಲೆ ವಕೀಲಮ್ಮ ನನ್ನ ಕೈ ಕುಲುಕಿ, ತಮ್ಮ ಇಷ್ಟು ವರ್ಷದಲ್ಲಿ ಇಂಥ ಗೆಲುವು ನೋಡಿಲ್ಲ ಎಂದರು. ಚಹಾದಂಗಡಿಯವನು ಪುಕ್ಕಟೆ ಚಹಾ ಕೊಟ್ಟ. "ಏನೇ ಹೇಳು ಗುರುವೇ, ವ್ಯಾಪಾರ ಅಂದ್ರೆ ನಿಂದು" ಎಂದ. ಕುಡಿಯಲು ಹೋಗಿ ನಾಲಿಗೆ ಸುಟ್ಟುಕೊಂಡೆ.

ಮಗಳು ಅಂಗಡಿಯ ಮುಂದೆ ಅಕ್ಕನ ಜೊತೆ ನಿಂತಿದ್ದಳು. ಅಕ್ಕ ನನ್ನ ಮುಖ ನೋಡಿ ಮನೆಗೆ ಹೋದಳು. ಮಗಳು ಮಾತ್ರ ಶಟರ್ ಎತ್ತುವವರೆಗೂ ಕಾಯಲಿಲ್ಲ.

"ಎಷ್ಟಕ್ಕೆ ಇಳಿಸಿದ್ಲು?"

"ಇಳಿಸ್ಲೇ ಇಲ್ಲ ಮರಿ. ಕೇಳಿದಷ್ಟೂ ಕೊಡ್ತಾಳಂತೆ."

ಅವಳು ನನ್ನ ಅಂಗಡಿಯಲ್ಲಿ ಬೆಳೆದ ಮಗು, ಬಿಡಿಸಿ ಹೇಳಬೇಕಾಗಲಿಲ್ಲ. "ಹಂಗಾದ್ರೆ ನಿನ್ನ ಹತ್ರ ಬಿಟ್ಕೊಡೋಕೆ ಏನೂ ಇರ್ಲಿಲ್ಲ."

"ಇರ್ಲಿಲ್ಲ. ಆದ್ರೂ ಕೇಳ್ದೆ. ಆಗಲ್ಲ ಅಂದ್ಲು."

ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕ್ರೇಟಿನ ಮೇಲೆ ಕೂತು, ಕಾಲಿನ ಮೇಲೆ ಕಾಲು ಹಾಕಿದಳು.

"ವಾರ ವಾರ ಬೇಡ. ತಿಂಗಳಿಗೊಂದ್ಸಲ?"

"ಇಲ್ಲಮ್ಮ."

"ಪರೀಕ್ಷೆ ಮುಗಿದ್ಮೇಲೆ ಒಂದ್ಸಲ? ಎರಡೇ ನಿಮಿಷ?"

"ಹಾಗಲ್ಲ ಕಣೆ." ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇಷ್ಟು ದಿನ ಹೇಳಿದ್ದು ಸಾಕಾಗಿತ್ತು. "ನಿನ್ನ ಮೇಲೆ ಕೋಪ ಇಲ್ಲ ಅವಳಿಗೆ. ನಿನ್ನ ದನಿ ಕೇಳಿದ್ರೆ ತುಂಬ ನೆನಪಾಗಿ, ಕೆಲಸ ಮಾಡೋಕಾಗಲ್ವಂತೆ. ಒಂದ್ಸಲ ಕೈ ಸುಟ್ಕೊಂಡಿದಾಳೆ."

"ನನ್ನ ದನಿಯಿಂದ?"

"ಹೂಂ."

ಅವಳು ಕಾಲಿನ ಮೇಲಿನ ಕಾಲು ಇಳಿಸಿದಳು. ಆಮೇಲೆ ನನ್ನ ಕಡೆ ಬಾಗಿ, ಗಿರಾಕಿಗೆ ಕೊನೆಯ ದರ ಹೇಳುವಾಗ ನಾನು ಇಳಿಸುವ ಹಾಗೆಯೇ ದನಿ ಇಳಿಸಿದಳು.

"ಹಂಗಾದ್ರೆ ನಾನ್ ಮಾತಾಡಲ್ಲ. ಅವಳು ಮಾತಾಡ್ಲಿ. ಏನಾದ್ರೂ ಹೇಳ್ಲಿ, ಬಟ್ಟೆ ಒಗೆಯೋದು ಹೆಂಗೆ ಅಂತ ಹೇಳಿದ್ರೂ ಪರವಾಗಿಲ್ಲ. ನಾನು ಬರೀ ಕೇಳಿಸ್ಕೋತೀನಿ. ಹೂಂ ಅಂತಾನೂ ಅನ್ನಲ್ಲ. ಮಾಮಂಗೆ ಹೇಳು, ಮಾಮ ಅಮ್ಮಂಗೆ ಹೇಳ್ಲಿ."

"ನಿಂಗೆ ಹೇಳೋಕೆ ಅಷ್ಟೊಂದು ಇತ್ತಲ್ಲೇ? ಈಜೋದು, ಹಲ್ಲು..."

"ಅದೆಲ್ಲ ಬಿಟ್ಕೊಟ್ಟೆ" ಎಂದಳು.

ನಾನು ಒಪ್ಪಲಿಲ್ಲವೆಂದು ತಿಳಿದು ಅವಳು ಮಾಡಿ ತೋರಿಸಲು ಹೊರಟಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣರಳಿಸಿ, ಕಿವಿಯನ್ನು ಇಲ್ಲದ ಫೋನಿನ ಕಡೆ ಓರೆ ಮಾಡಿ ಕೂತಳು. ಹೊರಗೆ ಬೀದಿಯ ಸದ್ದು ನಡೆದೇ ಇತ್ತು. ಅವಳ ಮುಖ ಕೆಂಪಾಯಿತು, ಹೆಗಲು ನಡುಗಿತು, ಆದರೆ ಒಂದು ಸಣ್ಣ ಸದ್ದೂ ಹೊರಬರಲಿಲ್ಲ. ನನ್ನಿಂದ ತಡೆಯಲಾಗಲಿಲ್ಲ. ಮುಖ ತಿರುಗಿಸಿ, ಕಂಪ್ರೆಸರಿಗೆ ಕಿವಿ ಇಡುವವನ ಹಾಗೆ ಬಗ್ಗಿದರೂ ಬಿಕ್ಕು ಬಂದೇಬಿಟ್ಟಿತು.

ಅವಳು ಬಾಯಿಂದ ಕೈ ತೆಗೆದು ನನ್ನ ತೋಳು ಚಿವುಟಿದಳು.

"ಅಪ್ಪ, ನೀನೂ ಸದ್ದು ಮಾಡ್ಬಾರ್ದು."